ನಗೆ ಗಡಿ ದಾಟುವಾಗ

ಮಹಾಭಾರತದ ಮಯಸಭೆಯ ಪ್ರಸಂಗವನ್ನು ಅರಿಯದ ಕನ್ನಡಿಗರು ವಿರಳ. ಇಂದ್ರಪ್ರಸ್ಥಕ್ಕೆ ಅತಿಥಿಯಾಗಿ ಬಂದ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಭ್ರಮಿಸಿ ಬಟ್ಟೆ ಎತ್ತಿಕೊಂಡನು. ನಿಜವಾದ ನೀರನ್ನು ನೆಲವೆಂದು ತಿಳಿದು ಕೊಳಕ್ಕೆ ಬಿದ್ದನು. ನೋಡಿದವರು ನಕ್ಕರು. ಕವಿಯು ತಾನೇ ಈ ಘಟನೆಯನ್ನು ನಿರೂಪಿಸುವಾಗ ನಕ್ಕವರ ಪಟ್ಟಿಯಲ್ಲಿ ಭೀಮಾರ್ಜುನರು, ನಕುಲ ಸಹದೇವರು ಮತ್ತು ಸೇವಕರು ಇದ್ದಾರೆ. ಹಸ್ತಿನಾವತಿಗೆ ಮರಳಿದ ದುರ್ಯೋಧನನು ಅದನ್ನೇ ತಂದೆಯ ಮುಂದೆ ತೋಡಿಕೊಳ್ಳುವಾಗ ಆ ಪಟ್ಟಿ ಬೆಳೆಯುತ್ತದೆ. ಕೃಷ್ಣನೂ, ದ್ರೌಪದಿಯೂ, ಅವಳ ಸುತ್ತಲಿನ ಹೆಂಗಸರೂ ಸೇರಿಕೊಳ್ಳುತ್ತಾರೆ. ನಕ್ಕವರು ಅಂದೇ ಮರೆತಿರಬಹುದು. ನಗೆಗೀಡಾದವನ ನೆನಪಿನಲ್ಲಿ ಮಾತ್ರ ಆ ನಗು ದಿನದಿನಕ್ಕೆ ದೊಡ್ಡದಾಯಿತು. ಮುಂದೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು.

ಈ ಕಥೆಯಲ್ಲಿ ಒಂದು ಅಂಶವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ದುರ್ಯೋಧನನು ಅಲ್ಲಿ ಪರಸ್ಥಳದವನು. ಆ ಮನೆಯಲ್ಲಿ ಯಾವುದು ನೆಲ, ಯಾವುದು ನೀರು ಎಂಬುದು ಮನೆಯವರಿಗೆ ತಿಳಿದಿತ್ತು, ಅವನಿಗೆ ತಿಳಿದಿರಲಿಲ್ಲ. ಪರದೇಶಕ್ಕೆ ಹೋದ ಪ್ರತಿಯೊಬ್ಬರ ಪಾಡೂ ಇಷ್ಟೇ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯರಸದ ಕಾರಣಗಳನ್ನು ಹೇಳುವಾಗ ವಿಕಾರವಾದ ವೇಷವನ್ನೂ ಅಲಂಕಾರವನ್ನೂ ಮೊದಲಲ್ಲೇ ಎಣಿಸುತ್ತಾನೆ. ದೇಶಕ್ಕೆ ಒಪ್ಪದ ವೇಷ ನಗೆಗೆ ಎಡೆಮಾಡುತ್ತದೆ ಎಂದು ಇನ್ನೊಂದೆಡೆ ಹೇಳಿ, ಸೊಂಟದ ಆಭರಣವನ್ನು ಎದೆಗೆ ಕಟ್ಟಿಕೊಂಡವರ ಉದಾಹರಣೆ ಕೊಡುತ್ತಾನೆ. ಅಂದರೆ ಯಾವುದು ವಿಕಾರ, ಯಾವುದು ಸಹಜ ಎಂಬುದನ್ನು ನಿರ್ಧರಿಸುವುದು ದೇಶಾಚಾರ. ದೇಶ ಬದಲಾದರೆ ನಗೆಯ ಕಾರಣವೂ ಬದಲಾಗುತ್ತದೆ.

ಇತಿಹಾಸದ ಪಠ್ಯಗಳಲ್ಲಿ ಯುದ್ಧಗಳಿವೆ, ಒಪ್ಪಂದಗಳಿವೆ, ಕಂದಾಯದ ಪದ್ಧತಿಗಳಿವೆ. ನಗೆಗೆ ಒಂದು ಅಧ್ಯಾಯವಿಲ್ಲ. ಆದರೂ ಕಳೆದ ನೂರೈವತ್ತು ವರ್ಷಗಳ ಪ್ರವಾಸಕಥನಗಳನ್ನೂ ಸೇನಾ ಚರಿತ್ರೆಗಳನ್ನೂ ಓದುತ್ತ ಹೋದರೆ, ಒಬ್ಬರ ತಮಾಷೆ ಇನ್ನೊಬ್ಬರಿಗೆ ತಿಳಿಯದೆ ಹೋದ ಪ್ರಸಂಗಗಳು ಹೇರಳವಾಗಿ ಸಿಗುತ್ತವೆ. ಕೆಲವು ಕೇವಲ ವಿನೋದ, ಕೆಲವು ಹಾಗಲ್ಲ. ನನಗೆ ಮುಖ್ಯವೆಂದು ತೋರಿದ ನಾಲ್ಕಾರನ್ನು ಇಲ್ಲಿ ಒಂದೆಡೆ ತಂದಿದ್ದೇನೆ.

ಗೈಡಿನ ಸಂಕಟ

1867ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಿಂದ ‘ಕ್ವೇಕರ್ ಸಿಟಿ’ ಎಂಬ ಹಡಗು ಯೂರೋಪಿಗೂ ಜೆರೂಸಲೇಮಿಗೂ ಹೊರಟಿತು. ವ್ಯಾಪಾರಕ್ಕಲ್ಲ, ಯುದ್ಧಕ್ಕಲ್ಲ, ಕೇವಲ ನೋಡಿ ಬರುವುದಕ್ಕಾಗಿ ಅಮೆರಿಕನ್ನರು ಗುಂಪಾಗಿ ಕಡಲು ದಾಟಿದ ಮೊದಮೊದಲ ಯಾತ್ರೆಗಳಲ್ಲಿ ಅದೂ ಒಂದು. ಅದರಲ್ಲಿ ಪತ್ರಿಕೆಯೊಂದರ ವರದಿಗಾರನಾಗಿ ಹೋದ 31 ವರ್ಷದ ತರುಣನೇ ಮಾರ್ಕ್ ಟ್ವೇನ್. ಆ ಪ್ರವಾಸದ ಪತ್ರಗಳು 1869ರಲ್ಲಿ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ ಎಂಬ ಪುಸ್ತಕವಾದವು.

ಆ ಪುಸ್ತಕದಲ್ಲಿ ಜಿನೋವಾ ನಗರದ ಗೈಡಿನ ಪ್ರಸಂಗ ಪ್ರಸಿದ್ಧವಾದುದು. ಜಿನೋವಾ ಕೊಲಂಬಸ್ಸನ ಊರು. ಅಮೆರಿಕನ್ನರು ಬಂದರೆಂದರೆ ಅಲ್ಲಿಯ ಗೈಡುಗಳಿಗೆ ಹಬ್ಬ. ಕೊಲಂಬಸ್ಸನ ಹೆಸರೆತ್ತಿದರೆ ಸಾಕು, ಅವರು ಮೈಮರೆಯುತ್ತಾರೆ. ಗೈಡು ಬಹಳ ಉತ್ಸಾಹದಿಂದ ಕೊಲಂಬಸ್ಸನೇ ತನ್ನ ಕೈಯಾರೆ ಬರೆದ ಪತ್ರವೊಂದನ್ನು ತೋರಿಸುತ್ತಾನೆ. ಗುಂಪಿನಲ್ಲಿದ್ದ ಡಾಕ್ಟರು ಅದನ್ನು ನಿಧಾನವಾಗಿ ಪರೀಕ್ಷಿಸಿ, ಅಮೆರಿಕದಲ್ಲಿ ಶಾಲೆಯ ಹುಡುಗರೂ ಇದಕ್ಕಿಂತ ದುಂಡಾಗಿ ಬರೆಯುತ್ತಾರೆಂದು ತೀರ್ಪು ಕೊಡುತ್ತಾನೆ. ಮುಂದೆ ಕೊಲಂಬಸ್ಸನ ಅಮೃತಶಿಲೆಯ ಪ್ರತಿಮೆ. ಡಾಕ್ಟರು ಗಂಭೀರ ಮುಖದಿಂದ ಕೇಳುತ್ತಾನೆ: ಈತ ಸತ್ತಿದ್ದಾನೆಯೇ? ಸತ್ತು ಮುನ್ನೂರು ವರ್ಷವಾಯಿತೆಂದು ಗೈಡು ಪೇಚಾಡಿಕೊಂಡು ವಿವರಿಸಬೇಕು. ರೋಮಿನಲ್ಲಿ ಈಜಿಪ್ಟಿನ ಮಮ್ಮಿಯ ಮುಂದೆಯೂ ಅದೇ ಪ್ರಶ್ನೆ.

ನಗದೆ ನಗಿಸುವುದು ಅಮೆರಿಕದ ಪಶ್ಚಿಮ ಪ್ರಾಂತದ ಗಣಿಗಾರರಲ್ಲಿ ಬೆಳೆದ ಹಾಸ್ಯದ ಬಗೆ. ಮುಖದ ಒಂದು ಗೆರೆಯೂ ಅಲುಗದೆ ಅಸಂಬದ್ಧವನ್ನು ಆಡುವುದೇ ಅದರ ಜಾಣತನ. ಅದನ್ನು ಅರಿಯದ ಇಟಲಿಯ ಗೈಡಿಗೆ ಎದುರಿಗಿರುವವನು ದಡ್ಡನೋ ಹುಚ್ಚನೋ ತಿಳಿಯುವುದಿಲ್ಲ. ಟ್ವೇನನೇ ಇದರ ಒಳಗುಟ್ಟನ್ನು ಬಿಚ್ಚಿಡುತ್ತಾನೆ: ಗೈಡುಗಳು ಬದುಕುವುದು ಪ್ರವಾಸಿಗರ ಬೆರಗಿನಿಂದ, ಅವರಿಗೆ ಬೆರಗು ಹುಟ್ಟಿಸುವುದೇ ಅಭ್ಯಾಸವಾಗಿಬಿಟ್ಟಿರುತ್ತದೆ, ಇದನ್ನು ಕಂಡುಕೊಂಡ ಮೇಲೆ ತಾವು ಬೆರಗಾಗುವುದನ್ನೇ ನಿಲ್ಲಿಸಿದೆವು. ಓದುವಾಗ ನಗು ಬರುತ್ತದೆ, ನಿಜ. ಆದರೆ ಹಂಪಿಯಲ್ಲಿಯೋ ಬೇಲೂರಿನಲ್ಲಿಯೋ ಉರಿಬಿಸಿಲಿನಲ್ಲಿ ನಾಲಗೆ ಒಣಗಿಸಿಕೊಂಡು ವಿವರಿಸುವ ಗೈಡುಗಳನ್ನು ಕಂಡವರಿಗೆ, ಆ ಜಿನೋವಾದವನ ಮುಖವೂ ಒಮ್ಮೆ ಕಣ್ಣಮುಂದೆ ಬರಬೇಕು. ದಿನದ ಕೂಲಿಗಾಗಿ ನಿಂತವನು ಕೂಲಿ ಕೊಡುವವನ ಮುಂದೆ ನಗಲಾರ, ಸಿಟ್ಟಾಗಲಾರ.

ಇಂಗ್ಲಿಷರಿಗೆ ಹಾಸ್ಯವೇ ತಿಳಿಯದೆಂಬ ನಂಬಿಕೆ ಆಗ ಅಮೆರಿಕದಲ್ಲಿ ಬಲವಾಗಿತ್ತು. ಅದರಿಂದ ಒಂದು ತಮಾಷೆಯೇ ನಡೆಯಿತು. 1870ರಲ್ಲಿ ಲಂಡನ್ನಿನ ‘ಸ್ಯಾಟರ್ಡೆ ರಿವ್ಯೂ’ ಪತ್ರಿಕೆಯಲ್ಲಿ ಟ್ವೇನನ ಪುಸ್ತಕದ ವಿಮರ್ಶೆ ಬಂದಿತೆಂದು ತಿಳಿದಾಗ, ಅವನು ತಾನೇ ಒಂದು ಸುಳ್ಳು ವಿಮರ್ಶೆ ಬರೆದು, ಇದೇ ಲಂಡನ್ನಿನವರು ಬರೆದದ್ದೆಂದು ‘ಗ್ಯಾಲಕ್ಸಿ’ ಎಂಬ ಮಾಸಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಆ ವಿಮರ್ಶಕನು ಪುಸ್ತಕದ ಒಂದೊಂದು ಹಾಸ್ಯವನ್ನೂ ಸತ್ಯವೆಂದೇ ಹಿಡಿದು, ಲೇಖಕನ ಅಜ್ಞಾನಕ್ಕೆ ಮರುಗುತ್ತಾನೆ. ಅಮೆರಿಕದ ಓದುಗರು ಅದನ್ನು ನಂಬಿಬಿಟ್ಟರು. ಇಂಗ್ಲಿಷರ ಪೆದ್ದುತನಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲವು ತಿಂಗಳ ಮೇಲೆ ಟ್ವೇನನು ಬರೆದವನು ನಾನೇ ಎಂದು ಹೇಳಿದರೆ, ಸಿನ್ಸಿನಾಟಿಯ ಪತ್ರಿಕೆಯೊಂದು ಅದನ್ನೂ ನಂಬಲಿಲ್ಲ! ಮೋಸಹೋದವನು ಮರ್ಯಾದೆ ಉಳಿಸಿಕೊಳ್ಳಲು ಈಗ ಹೀಗೆ ಹೇಳುತ್ತಿದ್ದಾನೆಂದು ಬರೆಯಿತು. ಪರರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ನಗುತ್ತಿದ್ದವರೇ ಹಾಸ್ಯವನ್ನು ಗುರುತಿಸದೆ ಹೋದರು. ಹಾಸ್ಯ ತಿಳಿಯದೆಂದು ಅವರು ಬಗೆದಿದ್ದ ಅದೇ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 1907ರಲ್ಲಿ ಟ್ವೇನನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಈ ಟ್ವೇನನು 1896ರ ಜನವರಿಯಲ್ಲಿ ಮುಂಬಯಿಗೂ ಬಂದಿಳಿದನು. ದಿವಾಳಿಯಾಗಿ, ಸಾಲ ತೀರಿಸಲು ಲೋಕವೆಲ್ಲ ಸುತ್ತಿ ಭಾಷಣ ಮಾಡುತ್ತಿದ್ದ ಕಾಲ. ಇಲ್ಲಿ ಒಬ್ಬ ಮುಸಲ್ಮಾನ ಸೇವಕನನ್ನು ನೇಮಿಸಿಕೊಂಡು, ಅವನ ಹೆಸರು ನಾಲಗೆಗೆ ಒಗ್ಗದೆಂದು ‘ಸೈತಾನ’ ಎಂದು ಕರೆದನು. ಚುರುಕಾದ ಹುಡುಗ, ಟ್ವೇನನಿಗೆ ಅವನ ಮೇಲೆ ನಿಜವಾದ ಅಕ್ಕರೆಯೂ ಇತ್ತೆಂಬುದು 1897ರ ಪ್ರವಾಸ ಗ್ರಂಥದಿಂದ ತಿಳಿಯುತ್ತದೆ. ಆದರೂ ಶ್ರದ್ಧೆಯುಳ್ಳ ಮುಸಲ್ಮಾನನೊಬ್ಬನಿಗೆ ದಿನವೂ ಆ ಹೆಸರಿನಿಂದ ಕರೆಸಿಕೊಳ್ಳುವುದು ಹೇಗೆ ಅನಿಸಿರಬೇಕು? ಪುಸ್ತಕ ಬರೆದವನು ಟ್ವೇನ್. ಸೈತಾನನು ಬರೆಯಲಿಲ್ಲ. ಪ್ರವಾಸ ಸಾಹಿತ್ಯದ ನಗೆಯಲ್ಲಿ ಬಹುಪಾಲು ಹೀಗೆ ಒಂದೇ ಕಡೆಯಿಂದ ಬಂದದ್ದು.

ಯೊಕೊಹಾಮದ ಮುಗುಳುನಗೆ

ತಮಾಷೆ ತಿಳಿಯದಿರುವುದು ಒಂದು ಬಗೆ. ತಮಾಷೆಯೇ ಅಲ್ಲದ ನಗುವನ್ನು ತಮಾಷೆಯೆಂದು ತಿಳಿಯುವುದು ಇನ್ನೊಂದು ಬಗೆ. ಇದೇ ಹೆಚ್ಚು ಅಪಾಯಕರ.

ಲಫ್ಕಾಡಿಯೊ ಹರ್ನ್ ಎಂಬವನು 1890ರಲ್ಲಿ ಜಪಾನಿಗೆ ಹೋದನು. ತಾಯಿ ಗ್ರೀಕಳು, ತಂದೆ ಐರಿಷ್. ಮಾತ್ಸುಯೆ ಎಂಬ ಊರಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರಾಗಿ, ಅಲ್ಲಿಯ ಹೆಣ್ಣನ್ನೇ ಮದುವೆಯಾಗಿ, ಕೊಯಿಜುಮಿ ಯಾಕುಮೊ ಎಂಬ ಹೆಸರಿನಿಂದ ಅಲ್ಲಿಯ ಪ್ರಜೆಯೂ ಆಗಿ, 1904ರಲ್ಲಿ ಟೋಕಿಯೊದಲ್ಲಿ ತೀರಿಕೊಂಡನು. 1894ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಜಪಾನೀಯರ ಮುಗುಳುನಗೆಯನ್ನೇ ಕುರಿತ ಒಂದು ಪ್ರಬಂಧವಿದೆ. ಬಂದರು ಪಟ್ಟಣಗಳಲ್ಲಿ ನೆಲೆಸಿದ್ದ ಯೂರೋಪಿಯನ್ ವರ್ತಕರಿಗೆ ಆ ನಗೆ ಒಂದು ತಲೆನೋವಾಗಿತ್ತಂತೆ. ಬೈದರೆ ಆಳು ನಗುತ್ತಾನೆ, ಹೊಡೆದರೂ ನಗುತ್ತಾನೆ. ಯೊಕೊಹಾಮದ ಇಂಗ್ಲಿಷ್ ಕುಟುಂಬವೊಂದರಲ್ಲಿ ಕೆಲಸಕ್ಕಿದ್ದ ಹೆಂಗಸು ನಗುನಗುತ್ತ ಬಂದು, ತನ್ನ ಗಂಡ ತೀರಿಕೊಂಡಿದ್ದಾನೆ, ಸಂಸ್ಕಾರಕ್ಕೆ ಹೋಗಲು ಅಪ್ಪಣೆ ಬೇಕು ಎಂದಳು. ಸಂಜೆ ಬೂದಿಯ ಕುಡಿಕೆಯನ್ನು ಯಜಮಾನಿಗೆ ತೋರಿಸಿ, ಇದೇ ನನ್ನ ಗಂಡ ಎಂದು ನಕ್ಕಳು. ಎಂಥ ಕಲ್ಲೆದೆಯವಳು ಎಂದು ಯಜಮಾನಿಗೆ ಅಸಹ್ಯವಾಯಿತು.

ಹರ್ನ್ ವಿವರಿಸುತ್ತಾನೆ: ಅದು ಸಂತೋಷದ ನಗುವಲ್ಲ, ಬಾಲ್ಯದಿಂದ ಕಲಿಸಿದ ಮರ್ಯಾದೆ. ನನ್ನ ದುಃಖದಿಂದ ನಿಮ್ಮ ಮನಸ್ಸು ಕೆಡಬಾರದು, ನೀವು ಇದಕ್ಕಾಗಿ ಬೇಸರಪಡಬೇಡಿ ಎಂಬುದು ಆ ನಗೆಯ ಅರ್ಥ. ಒಳಗೆ ಎದೆ ಒಡೆಯುತ್ತಿದ್ದರೂ ಎದುರಿನವರಿಗೆ ಹಸನಾದ ಮುಖವನ್ನೇ ತೋರಬೇಕು.

ಅದೇ ಪ್ರಬಂಧದಲ್ಲಿ ಒಬ್ಬ ಮುದುಕ ಸಮುರಾಯಿಯ ಕಥೆ ಬರುತ್ತದೆ. ಯೊಕೊಹಾಮದ ವರ್ತಕನೊಬ್ಬನ ಬಳಿ ಅವನು ಕೆಲಸಕ್ಕಿದ್ದನು. ಕಷ್ಟ ಬಂದಾಗ ತನ್ನ ಕತ್ತಿಯನ್ನು ಆ ವರ್ತಕನಲ್ಲೇ ಒತ್ತೆಯಿಟ್ಟು ಸಾಲ ಪಡೆದು, ಮುಂದೆ ತೀರಿಸಿ ಬಿಡಿಸಿಕೊಂಡನು. ಒಂದು ದಿನ ವರ್ತಕನು ಯಾವುದಕ್ಕೋ ಕೆರಳಿ ಬೈದನು. ಮುದುಕನು ತಲೆಬಾಗಿ ಮುಗುಳುನಕ್ಕನು. ಬೈಗಳು ಹೆಚ್ಚಿತು, ನಗೆ ಮಾಯಲಿಲ್ಲ. ತನ್ನನ್ನು ಹಾಸ್ಯ ಮಾಡುತ್ತಿದ್ದಾನೆಂದು ಬಗೆದ ವರ್ತಕನು ಅವನಿಗೆ ಹೊಡೆದುಬಿಟ್ಟನು. ಕ್ಷಣಾರ್ಧದಲ್ಲಿ ಕತ್ತಿ ಒರೆಯಿಂದ ಹೊರಬಂದು ವರ್ತಕನ ತಲೆಯ ಮೇಲೆ ಮಿಂಚಿತು; ಮರುಕ್ಷಣ ಒರೆಗೆ ಮರಳಿತು. ಮುದುಕನು ಮನೆಗೆ ಹೋಗಿ ಅದರಿಂದಲೇ ಪ್ರಾಣ ಬಿಟ್ಟನು. ಅವನ ಪತ್ರದಲ್ಲಿ ಕಾರಣವಿತ್ತು: ಅನ್ಯಾಯದ ಏಟನ್ನು ತಿಂದು ಸುಮ್ಮನಿರುವುದು ಸಮುರಾಯಿಗೆ ಸಲ್ಲದು, ಆದರೆ ಕಷ್ಟಕಾಲದಲ್ಲಿ ಆ ಕತ್ತಿಯ ಮೇಲೆ ಹಣ ಕೊಟ್ಟವನ ಮೇಲೆಯೇ ಅದನ್ನು ಎತ್ತುವುದೂ ಸಲ್ಲದು.

ಎರಡು ಧರ್ಮಗಳ ನಡುವೆ ಸಿಕ್ಕಿ ಸತ್ತವನು ಅವನು. ಮುಗುಳುನಗೆಯನ್ನು ಓದಲು ಬಾರದವನು ವರ್ತಕ. ನಮ್ಮಲ್ಲೂ ಹಿರಿಯರು ಗದರಿಸಿದಾಗ ತಲೆ ತಗ್ಗಿಸಿ ಸಣ್ಣಗೆ ನಗುವ ಮಕ್ಕಳಿದ್ದಾರೆ. ಹಲ್ಲು ಕಿರಿಯುತ್ತೀಯಾ ಎಂದು ಮತ್ತೊಂದು ಏಟು ಕೊಡುವ ಮೇಷ್ಟರುಗಳನ್ನೂ ನಾನು ಕಂಡಿದ್ದೇನೆ. ಆ ನಗು ಅಂಜಿಕೆಯದೆಂದು ತಿಳಿಯಲು ಕಡಲು ದಾಟಬೇಕಿಲ್ಲ, ಮನಸ್ಸು ಬೇಕು.

ಒಂದೇ ಭಾಷೆ, ಎರಡು ಅಳತೆ

ಭಾಷೆ ಒಂದೇ ಆದರೆ ತೊಂದರೆಯಿಲ್ಲ ಎಂದು ಯಾರಾದರೂ ಹೇಳಬಹುದು. 1942ರ ಜನವರಿಯಿಂದ ಅಮೆರಿಕದ ಸೈನಿಕರು ಬ್ರಿಟನ್ನಿಗೆ ಬಂದಿಳಿಯತೊಡಗಿದರು. 1944ರ ಹೊತ್ತಿಗೆ ಅವರ ಸಂಖ್ಯೆ ಸುಮಾರು 15 ಲಕ್ಷವಾಗಿತ್ತು. ಮಾತು ಇಂಗ್ಲಿಷೇ ಆದರೂ ತಿಕ್ಕಾಟ ತಪ್ಪಲಿಲ್ಲ. ಅಮೆರಿಕದ ಸೇನಾ ಇಲಾಖೆ ತನ್ನ ಹುಡುಗರಿಗಾಗಿ ಒಂದು ಕೈಪಿಡಿಯನ್ನೇ ಅಚ್ಚು ಹಾಕಿಸಿ, ಅಲ್ಲಿ ಜಂಬ ಕೊಚ್ಚಬೇಡಿ, ಅವರು ಮೌನವಾಗಿದ್ದರೆ ಸ್ನೇಹವಿಲ್ಲವೆಂದು ತಿಳಿಯಬೇಡಿ ಎಂದು ಬುದ್ಧಿ ಹೇಳಬೇಕಾಯಿತು. ಇವರಿಗೆ ಸಂಬಳ ಹೆಚ್ಚು, ಚಪಲ ಹೆಚ್ಚು, ಸಾಲದ್ದಕ್ಕೆ ಇಲ್ಲೇ ಬಂದು ಕೂತಿದ್ದಾರೆ ಎಂಬುದು ಇಂಗ್ಲಿಷರ ಚಟಾಕಿ. ನಿಮಗೆ ಎರಡೂ ಕಡಮೆ, ಮೇಲಾಗಿ ನೀವು ನಮ್ಮ ಐಸೆನ್‌ಹೋವರನ ಕೈಕೆಳಗೆ ಎಂಬುದು ಅಮೆರಿಕನ್ನರ ಮರುಚಟಾಕಿ.

ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಆ ದಿನಗಳಲ್ಲಿ ಇದನ್ನು ಅಭ್ಯಾಸ ಮಾಡಿ ಒಂದು ಸೊಗಸಾದ ವಿವರಣೆ ಕೊಟ್ಟರು. ಅಮೆರಿಕದ ಮನೆಗಳಲ್ಲಿ ಮಕ್ಕಳು ತಮ್ಮ ಸಾಧನೆಯನ್ನು ಹೇಳಿಕೊಳ್ಳುತ್ತಾರೆ, ತಂದೆತಾಯಿ ಮೆಚ್ಚಿ ಕೇಳುತ್ತಾರೆ. ಇಂಗ್ಲೆಂಡಿನ ಮನೆಯಲ್ಲಿ ತಂದೆ ಮಾತಾಡುತ್ತಾನೆ, ಮಕ್ಕಳು ಕೇಳುತ್ತಾರೆ. ಆದ್ದರಿಂದ ನಾಲ್ವರ ಮುಂದೆ ನಿಂತ ಅಮೆರಿಕನ್ನನು ಹಿರಿಯರ ಮುಂದಿನ ಮಗುವಿನಂತೆ ಹಿಗ್ಗಿಸಿ ಹೇಳುತ್ತಾನೆ. ಇಂಗ್ಲಿಷಿನವನು ಕಿರಿಯರ ಮುಂದಿನ ತಂದೆಯಂತೆ ತಗ್ಗಿಸಿ ಹೇಳುತ್ತಾನೆ. ಒಬ್ಬನಿಗೆ ಇನ್ನೊಬ್ಬನು ಬಡಾಯಿಕೋರ. ಇನ್ನೊಬ್ಬನಿಗೆ ಇವನು ಗರ್ವಿಷ್ಠ. ನಮ್ಮ ಅಲಂಕಾರಶಾಸ್ತ್ರ ಅತಿಶಯೋಕ್ತಿಗೆ ಎಷ್ಟೋ ಭೇದಗಳನ್ನು ಹೇಳುತ್ತದೆ. ಅದಕ್ಕೆ ತಿರುವಾದ ಈ ತಗ್ಗಿಸಿ ಹೇಳುವ ಕಲೆಯ ಮೇಲೆಯೇ ಇಂಗ್ಲಿಷರ ಹಾಸ್ಯದ ಅರ್ಧಭಾಗ ನಿಂತಿದೆ.

ಇದರ ಬೆಲೆ ಏನೆಂಬುದು 1951ರ ಏಪ್ರಿಲ್ ತಿಂಗಳಲ್ಲಿ ಕೊರಿಯಾದ ಇಮ್ಜಿನ್ ನದಿಯ ದಡದಲ್ಲಿ ಕಂಡಿತು. ಚೀನೀ ಸೇನೆಯ ಭಾರಿ ದಾಳಿಗೆ ಸಿಕ್ಕಿದ ಬ್ರಿಟಿಷ್ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಟಾಮ್ ಬ್ರಾಡಿ, ತನ್ನ ಮೇಲಿನ ಅಮೆರಿಕನ್ ಸೇನಾಧಿಕಾರಿಗೆ ಪರಿಸ್ಥಿತಿಯನ್ನು ತಿಳಿಸುವಾಗ, ಇಲ್ಲಿ ಸ್ವಲ್ಪ ಅಂಟಂಟಾಗಿದೆ ಎಂಬಂಥ ಮಾತು ಬಳಸಿದನಂತೆ. ಇನ್ನೊಬ್ಬ ಇಂಗ್ಲಿಷಿನವನು ಕೇಳಿದ್ದರೆ, ಸರ್ವನಾಶ ಸಮೀಪಿಸಿದೆ ಎಂದು ಥಟ್ಟನೆ ಅರಿಯುತ್ತಿದ್ದ. ಅಮೆರಿಕನ್ನನು ಮಾತನ್ನು ಮಾತಿನಷ್ಟೇ ಅಳತೆಗೆ ತೆಗೆದುಕೊಂಡನು: ಕಷ್ಟವಿದೆ, ಹೇಗೋ ಹಿಡಿದುಕೊಂಡಿದ್ದಾರೆ. ಬೆಟ್ಟದ ಮೇಲೆ ಸುತ್ತುವರಿಯಲ್ಪಟ್ಟಿದ್ದ ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಬೆಟಾಲಿಯನ್ನಿಗೆ ಹೊತ್ತಿಗೆ ಸರಿಯಾಗಿ ಹಿಂದೆಗೆಯುವ ಅಪ್ಪಣೆಯೂ ಸಿಗಲಿಲ್ಲ, ಸಾಕಷ್ಟು ನೆರವೂ ತಲಪಲಿಲ್ಲ. 500ಕ್ಕೂ ಹೆಚ್ಚು ಮಂದಿ ಸೆರೆಯಾದರು. ಬೆಟ್ಟದಿಂದ ತಪ್ಪಿಸಿಕೊಂಡು ಬಂದವರು ಸುಮಾರು 40 ಜನ ಮಾತ್ರ. ಒಂದು ಯುದ್ಧದ ಸೋಲಿಗೆ ಒಂದೇ ಮಾತು ಕಾರಣವಾಗದು. ಶತ್ರುಗಳ ಸಂಖ್ಯೆಯೇ ಅಗಾಧವಾಗಿತ್ತು. ಆದರೂ ಆ ಬೆಟ್ಟದ ಕಥೆ ಹೇಳುವ ಇತಿಹಾಸಕಾರರು ಈ ಮಾತನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ತಮ್ಮನ್ನೇ ನಗೆಗೆ ಒಡ್ಡಿಕೊಂಡವರು

ಹಾಗಾದರೆ ಹಾಸ್ಯ ಗಡಿ ದಾಟುವುದೇ ಇಲ್ಲವೇ? ದಾಟುತ್ತದೆ, ಆದರೆ ಹೊತ್ತೊಯ್ಯುವವನಿಗೆ ಒಂದು ವಿನಯ ಬೇಕು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅಧಿಕಾರ ಬಿಟ್ಟ ಮೇಲೆ 1981ರಲ್ಲಿ ಜಪಾನಿನಲ್ಲಿ ಭಾಷಣ ಮಾಡಿದರು. ನಡುವೆ ಒಂದು ಪುಟ್ಟ ಹಾಸ್ಯದ ಕಥೆ ಹೇಳಿದರು. ದುಭಾಷಿಯು ಅದನ್ನು ಇನ್ನೂ ಚುಟುಕಾಗಿ ಹೇಳಿ ಮುಗಿಸಿದ. ಸಭೆ ಗೊಳ್ಳೆಂದು ನಕ್ಕಿತು. ಅಷ್ಟು ಚೆನ್ನಾಗಿ ಹೇಗೆ ಅನುವಾದಿಸಿದೆ ಎಂದು ಕಾರ್ಟರ್ ಆಮೇಲೆ ಬಿಡದೆ ಕೇಳಿದಾಗ ಅವನು ಒಪ್ಪಿಕೊಂಡನಂತೆ: ಅಧ್ಯಕ್ಷರು ಒಂದು ಹಾಸ್ಯದ ಕಥೆ ಹೇಳಿದ್ದಾರೆ, ದಯವಿಟ್ಟು ಎಲ್ಲರೂ ನಗಬೇಕು ಎಂದಷ್ಟೇ ಹೇಳಿದೆ! ಇದನ್ನು ಕಾರ್ಟರ್ ಅವರೇ ಹಲವು ಸಲ ಹೇಳಿಕೊಂಡು ನಕ್ಕಿದ್ದಾರೆ. ಅವರು ಹೇಳಿದ ಮೂಲ ಕಥೆ ಯಾರಿಗೂ ಬೇಕಾಗಿಲ್ಲ. ಅದು ದಾಟದೆ ಹೋದ ಕಥೆಯೇ ಎಲ್ಲೆಡೆ ದಾಟಿತು.

ಜಾರ್ಜ್ ಮಿಕೆಶ್ ಎಂಬ ಹಂಗೇರಿಯ ಪತ್ರಕರ್ತ 1938ರಲ್ಲಿ ಕೆಲವು ವಾರಗಳ ವರದಿಗೆಂದು ಲಂಡನ್ನಿಗೆ ಬಂದವನು ಜೀವಮಾನವೆಲ್ಲ ಅಲ್ಲೇ ಉಳಿದನು. 1946ರಲ್ಲಿ ಇಂಗ್ಲಿಷರನ್ನು ಚೆನ್ನಾಗಿ ಚುಚ್ಚಿ, ಪರಕೀಯನಾಗಿ ಬಾಳುವುದು ಹೇಗೆ ಎಂಬ ಪುಟ್ಟ ಪುಸ್ತಕ ಬರೆದನು. ಇಂಗ್ಲಿಷರು ಸಿಡಿದೇಳುತ್ತಾರೆಂದು ಕಾದಿದ್ದ ಅವನಿಗೆ ಆಶ್ಚರ್ಯ ಕಾದಿತ್ತು. ಅವರು ಕೊಂಡು ಕೊಂಡು ಓದಿ ನಕ್ಕರು. ಬೈಯಿಸಿಕೊಳ್ಳದೆ ಹೋದದ್ದಕ್ಕೆ ತನಗೇ ನೋವಾಯಿತೆಂದು ಮುಂದಿನ ಮುನ್ನುಡಿಯೊಂದರಲ್ಲಿ ಬರೆದಿದ್ದಾನೆ. ವಿದೇಶೀಯನನ್ನು ತಾನು ಮದುವೆಯಾಗಲಾರೆ ಎಂದ ಇಂಗ್ಲಿಷ್ ತರುಣಿಯೊಬ್ಬಳಿಗೆ, ಬುಡಾಪೆಸ್ಟಿನಲ್ಲಿ ನೀನೇ ವಿದೇಶೀಯಳಾಗುತ್ತೀಯಲ್ಲ ಎಂದು ಇವನು ಹೇಳಿದರೆ ಅವಳು ಒಪ್ಪುವುದೇ ಇಲ್ಲ. ಅಲ್ಲಿಯೂ ವಿದೇಶೀಯನು ಇವನೇ! ಪುಸ್ತಕ ಗೆದ್ದದ್ದೇಕೆ? ಅಲ್ಲಿ ಮೊದಲ ಪೆಟ್ಟು ತಿನ್ನುವವನು ದಾರಿ ತಿಳಿಯದೆ ಎಡವುವ ಪರಕೀಯ, ಅಂದರೆ ಲೇಖಕನೇ.

ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ ಕೂಡ ಈ ಗುಟ್ಟನ್ನು ಬಲ್ಲವರು. 1956ರಲ್ಲಿ ಅವರು ಅಮೆರಿಕಕ್ಕೆ ಹೋದರು. ‘ದಿ ಗೈಡ್’ ಕಾದಂಬರಿಯನ್ನು ಬರೆದದ್ದು ಅಲ್ಲಿಯ ಬರ್ಕ್ಲಿಯ ಹೋಟೆಲಿನಲ್ಲಿ ಕುಳಿತು. ಆ ದಿನಗಳ ಅನುಭವವನ್ನು ‘ಮೈ ಡೇಟ್‌ಲೆಸ್ ಡೈರಿ’ಯಲ್ಲಿ ಹೇಳಿದ್ದಾರೆ. ಹೋಟೆಲಿನಲ್ಲಿ ಕಾಫಿ ಕೇಳಿದರೆ, ಕಪ್ಪೋ ಬಿಳಿಯೋ ಎಂಬ ಪ್ರಶ್ನೆ. ಎರಡೂ ಅಲ್ಲ, ಕಾಫಿ ಕಂದು ಬಣ್ಣವಾಗಿರಬೇಕು ಎಂಬುದು ನಾರಾಯಣರ ಪಟ್ಟು. ಡಿಕಾಕ್ಷನ್ನಿಗೆ ಹದವಾಗಿ ಹಾಲು ಬೆರೆಸಿದ ಕಾಫಿ ಕುಡಿದು ಬೆಳೆದವರಿಗೆ ಈ ಉತ್ತರ ಶುದ್ಧ ತರ್ಕ. ಕೌಂಟರಿನ ಆಚೆ ನಿಂತವನಿಗೆ ವಿಚಿತ್ರ. ಅಮೆರಿಕದ ಮಾಂಟ್ಗೊಮರಿ ನಗರದಲ್ಲಿ ಕರಿಯರು ವರ್ಷವಿಡೀ ಬಸ್ಸುಗಳನ್ನು ಬಹಿಷ್ಕರಿಸಿದ್ದ ಕಾಲವದು. ಕಪ್ಪು ಬಿಳುಪಿನ ಪ್ರಶ್ನೆ ಅಲ್ಲಿ ಕಾಫಿಗಷ್ಟೇ ಸೇರಿದ್ದಲ್ಲ. ನಾರಾಯಣರು ಯಾರನ್ನೂ ಹಳಿಯುವುದಿಲ್ಲ. ಪೇಚಿಗೆ ಸಿಕ್ಕಿದವರು ತಾವೇ ಎಂಬಂತೆ ಹೇಳಿ, ಇಬ್ಬರನ್ನೂ ನಗೆಯ ಒಂದೇ ಬೆಂಚಿನ ಮೇಲೆ ಕೂರಿಸುತ್ತಾರೆ.

ಕೆಲವು ಹಾಸ್ಯಗಳು ದಾಟುವುದಿಲ್ಲವೆಂಬುದೂ ನಿಜ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಕೈಲಾಸಂ ತಮ್ಮ ನಾಟಕಗಳಲ್ಲಿ ಕನ್ನಡ ಇಂಗ್ಲಿಷುಗಳನ್ನು ಕಲಸಿ ಎಬ್ಬಿಸಿದ ನಗೆಯನ್ನು ಬರಿಯ ಇಂಗ್ಲಿಷಿಗೂ ತರಲಾಗದು, ಅಚ್ಚಗನ್ನಡಕ್ಕೂ ತರಲಾಗದು. ಅದು ಎರಡೂ ಭಾಷೆ ಬಲ್ಲ ಬೆಂಗಳೂರಿನ ಪಡಸಾಲೆಯ ಸ್ವತ್ತು. ಹಾಗೆ ಪ್ರತಿ ಊರಿಗೂ ಒಂದು ಪಡಸಾಲೆಯಿದೆ. ಹೊರಗಿನವರಿಗೆ ಒಳಗಿನ ನಗು ಕೇಳಿಸುತ್ತದೆ, ಕಾರಣ ಕಾಣಿಸುವುದಿಲ್ಲ.

ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಕಡಲಾಚೆ ದುಡಿಯುತ್ತಿದ್ದಾರೆ. ಅವರು ಅಲ್ಲಿಯ ಕಾನೂನು ಕಲಿಯುತ್ತಾರೆ, ಅಡುಗೆ ಕಲಿಯುತ್ತಾರೆ, ಉಚ್ಚಾರಣೆಯನ್ನೂ ಕಲಿಯುತ್ತಾರೆ. ಎಲ್ಲಕ್ಕಿಂತ ಕಡೆಗೆ ಕಲಿಯುವುದು ಅಲ್ಲಿಯವರು ಯಾವಾಗ ತಮಾಷೆಗೆ ಆಡುತ್ತಾರೆ, ಯಾವಾಗ ನಿಜಕ್ಕೆ ಆಡುತ್ತಾರೆ ಎಂಬುದನ್ನು. ಅದು ತಿಳಿಯುವವರೆಗೆ ಎರಡು ಮಾತು ನೆನಪಿದ್ದರೆ ಸಾಕೆಂದು ನನ್ನ ಎಣಿಕೆ. ತಿಳಿಯದ ನಗುವನ್ನು ಅವಮಾನವೆಂದು ಒಡನೆಯೇ ಎಣಿಸಬಾರದು; ಯೊಕೊಹಾಮದ ವರ್ತಕ ಎಣಿಸಿದ. ನಮ್ಮ ಮುಂದೆ ತಿರುಗಿ ನಗಲಾರದವರನ್ನು ನಗೆಗೆ ವಸ್ತುವಾಗಿಸಬಾರದು. ಇದು ಪರದೇಶಕ್ಕೆ ಹೋಗುವವರಿಗೆ ಮಾತ್ರ ಹೇಳಿದ್ದಲ್ಲ. ಬಿಹಾರದಿಂದಲೋ ಅಸ್ಸಾಮಿನಿಂದಲೋ ನಮ್ಮೂರಿಗೆ ದುಡಿಯಲು ಬಂದು, ನಾಲ್ಕು ಕನ್ನಡ ಶಬ್ದಗಳನ್ನು ತೊದಲುವ ಹುಡುಗರನ್ನು ಕಂಡಾಗ ನಮಗೂ ಅನ್ವಯಿಸುತ್ತದೆ. ಅವರ ಪಾಲಿಗೆ ಮಯಸಭೆ ನಮ್ಮದು.